ಬೀರಣ್ಣನ ಭಕ್ತಿ

ಅಂಕೋಲಾದಿಂದ ಕಾರವಾರಕ್ಕೆ ಟೆಂಪೋ ಓಡಿಸುವ ಬೀರಣ್ಣನಷ್ಟು ದೈವಭಕ್ತ ಈ ಹೆದ್ದಾರಿಯಲ್ಲಿ ಇನ್ನೊಬ್ಬನಿಲ್ಲ. ದಾರಿಬದಿಯಲ್ಲಿ ಗುಡಿ, ನಾಗರಕಲ್ಲು, ಶಿಲುಬೆ, ಯಾವುದು ಕಂಡರೂ ವೇಗ ತಗ್ಗಿಸಿ, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಹೀಗೆ ದೇವರಿಗೆ ಕೊಟ್ಟ ಸಮಯವನ್ನೆಲ್ಲ ನಾನು ಪಾಠ ಹೇಳುವ ಶಾಲೆಯ ಮುಂದೆ ವೇಗ ಹೆಚ್ಚಿಸಿ ವಸೂಲು ಮಾಡಿಕೊಳ್ಳುತ್ತಿದ್ದ. ಕೇಳಿದರೆ, "ಹಾರ್ನ್ ಹೊಡ್ದಿದ್ನಲ್ರಾ ಅಕ್ಕೋರೆ!" ಎನ್ನುತ್ತಿದ್ದ. ಹಾರ್ನ್ ಕೇಳಿದ ಮೇಲೂ ಮಗು ರಸ್ತೆಯಲ್ಲಿದ್ದರೆ ತಪ್ಪು ಮಗುವಿನದೇ. ಪೊಲೀಸರು ದಂಡ ಹಾಕಿದರೆ ರಸೀದಿಯನ್ನು ದೇವರ ಪಟದ ಹಿಂದೆ ಭದ್ರವಾಗಿ ಸಿಕ್ಕಿಸುತ್ತಿದ್ದ. ಎರಡು ಸಾವಿರದ ಆರರಲ್ಲಿ ಅವನ ಟೆಂಪೋದ ಕನ್ನಡಿ ನಾಲ್ಕನೇ ತರಗತಿಯ ರಕ್ಷಿತಾಳ ಪಾಟಿಚೀಲವನ್ನು ಕಿತ್ತುಕೊಂಡು ಹೋಯಿತು. ಹುಡುಗಿ ಒಂದು ಗೇಣಿನ ಅಂತರದಲ್ಲಿ ಬದುಕಿಕೊಂಡಳು. ಕೋರ್ಟು ದಂಡ ವಿಧಿಸಿತು, ಲೈಸೆನ್ಸು ಮೂರು ತಿಂಗಳು ಅಮಾನತಾಯಿತು. ಮೂರು ತಿಂಗಳು ಮನೆಯಲ್ಲಿ ಕುಳಿತು ಕಾನೂನನ್ನು ಬೈದವನು ನಾಲ್ಕನೇ ತಿಂಗಳು ಅದೇ ವೇಗದಲ್ಲಿ ಬಂದ. ಮರುದಿನ ರಕ್ಷಿತಾ, ಗೇಟಿನ ಪಕ್ಕ ಮೊದಲಿಂದಲೂ ಇದ್ದ ಕಲ್ಲಿಗೆ ಮೈತುಂಬ ಕುಂಕುಮ ಬಳಿದು, ಅಬ್ಬಲಿ ಹೂವಿನ ದಂಡೆ ಮುಡಿಸಿದಳು. ಅಂದಿನಿಂದ ಬೀರಣ್ಣನ ಟೆಂಪೋ ಅಲ್ಲಿ ತೆವಳುತ್ತದೆ. ಮಕ್ಕಳು ಆರಾಮಾಗಿ ರಸ್ತೆ ದಾಟುತ್ತಾರೆ. "ಅದು ಯಾವ ದೇವರೋ, ಬೀರಣ್ಣ?" ಎಂದು ಒಮ್ಮೆ ಕೇಳಿದೆ. "ಹೆಸ್ರು ಗೊತ್ತಿಲ್ರಾ ಅಕ್ಕೋರೆ. ಆದ್ರೆ ಭಾರೀ ಕಡಕ್ ದೇವ್ರು," ಎಂದು ಗಲ್ಲ ಬಡಿದುಕೊಂಡ. ಕುಂಕುಮದ ಅಡಿಯಲ್ಲಿ ರಸ್ತೆ ಇಲಾಖೆಯವರು ಕೆತ್ತಿಸಿದ ಅಕ್ಷರ ಇನ್ನೂ ಹಾಗೇ ಇದೆ: "ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ."