ಬರೀ ಹುಲ್ಲು ಎಂದವನು ನಾನು

ನೀಲಾ, ಆ ಹುಲ್ಲಿನ ಕೆಳಗೆ ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು. ನಿನ್ನ ಸೋದರಮಾವ ಜಮೀನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಕ್ಕೆ ಎರಡು ವಾರ ಮೊದಲೇ ಗೊತ್ತಿತ್ತು. ‘ನನಗೂ ಗೊತ್ತಿರಲಿಲ್ಲಮ್ಮ’ ಎಂದು ಆರು ವರ್ಷದಿಂದ ನಿನ್ನ ಮುಖ ನೋಡಿಕೊಂಡೇ ಹೇಳುತ್ತಾ ಬಂದಿದ್ದೇನೆ — ಅದು ಸುಳ್ಳು.

ನಿನಗೆ ಗೊತ್ತಿರುವ ಸಂಗತಿಗಳನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಇದನ್ನು ನೀನೊಬ್ಬಳೇ ಓದಿದರೆ ಸಾಲದು. ನಿನ್ನ ಅತ್ತೆಗೂ, ನಿನ್ನ ಮುಖಕ್ಕೆ ಬಾಗಿಲು ಹಾಕಿದ ಆ ಊರಿನವರಿಗೂ ಯಾರಾದರೂ ಓದಿ ಹೇಳಬೇಕು.

ಕಟ್ಟಡಗಳ ಮಾದರಿ ಮಾಡುವುದು ನನ್ನ ಕಸುಬು. ಬೆಂಗಳೂರಿನ ಪುಟ್ಟೇನಹಳ್ಳಿಯಲ್ಲಿ, ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ವರ್ಕ್‌ಶಾಪು. ಬೇರೆಯವರು ಇನ್ನೂ ಕಟ್ಟದೆ ಇರುವುದನ್ನು ನಾವು ಫೋಮು, ರಟ್ಟು, ಅಕ್ರಿಲಿಕ್‌ನಲ್ಲಿ ಕಟ್ಟಿ ಗಾಜಿನ ಪೆಟ್ಟಿಗೆಯೊಳಗೆ ಇಡುತ್ತೇವೆ. ನೀನು ಬಿ.ಟಿ.ಎಂ.ನ ಒಂದು ಕೋಣೆಯ ಬಾಡಿಗೆ ಮನೆಯಿಂದ ಎರಡು ಬಸ್ಸು ಬದಲಿಸಿಕೊಂಡು ಕೆಲಸಕ್ಕೆ ಬರತೊಡಗಿ ಹನ್ನೊಂದು ವರ್ಷವಾಯಿತು. ಸ್ಪಂಜು ಕತ್ತರಿಸಿ, ಹಸಿರು ಬಣ್ಣದಲ್ಲಿ ಅದ್ದಿ, ತಂತಿಗೆ ಚುಚ್ಚಿ ನೀನು ಮಾಡುವ ಮರಗಳಂಥ ಮರಗಳನ್ನು ಈ ಊರಿನಲ್ಲಿ ಇನ್ನೊಬ್ಬರು ಮಾಡುವುದನ್ನು ನಾನು ಕಂಡಿಲ್ಲ. ಇದನ್ನು ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಹೊತ್ತು ನೋಡು, ಎಂಥದ್ದು.

ಆರು ವರ್ಷದ ಹಿಂದೆ, ಜಯನಗರದ ಒಂದು ಆರ್ಕಿಟೆಕ್ಟ್ ಕಚೇರಿಯಿಂದ ಆ ಕೆಲಸ ಬಂತು. ಗಡಿಯಾಚೆಯ ಬಯಲಿನಲ್ಲಿ ಪಕ್ಕದ ರಾಜ್ಯದವರು ಹೊಸ ರಾಜಧಾನಿ ಕಟ್ಟಲಿದ್ದರು. ಬರಿಯ ಕಟ್ಟಡವಲ್ಲ, ಇಡೀ ನಗರ — ವಿಧಾನಸಭೆ, ಸಚಿವಾಲಯ, ಹೈಕೋರ್ಟು, ಅಳತೆಪಟ್ಟಿ ಇಟ್ಟು ಎಳೆದಂಥ ರಸ್ತೆಗಳು. ನಾನು ಹುಟ್ಟಿ ಬೆಳೆದದ್ದೂ ನಕ್ಷೆಯಿಂದ ಎದ್ದ ಬಡಾವಣೆಯಲ್ಲೇ. ಜಯನಗರದ ಮೇನು, ಕ್ರಾಸು, ಬ್ಲಾಕುಗಳ ನಡುವೆ ಓಡಾಡಿದವನಿಗೆ ಊರೆಂದರೆ ಹಾಗೇ ಇರಬೇಕು ಎಂಬ ಹಮ್ಮು. ಜಯನಗರಕ್ಕೆ ಮುಂಚೆ ಅಲ್ಲಿ ಯಾರ ಹೊಲ ಇತ್ತು, ಯಾರ ಯಾರನ್ನು ಎಲ್ಲಿ ಹೂಳಿದ್ದರು — ಅರವತ್ತು ವರ್ಷದಲ್ಲಿ ಒಂದು ದಿನವೂ ನನ್ನ ತಲೆಗೆ ಹೊಳೆದಿರಲಿಲ್ಲ.

ಸರ್ವೆ ಹಾಳೆಯನ್ನು ಮೇಜಿನ ಮೇಲೆ ಹರಡಿದ ದಿನ ನೀನು ಊರಿನ ಹೆಸರು ಓದಿ ಕುಣಿದುಬಿಟ್ಟಿದ್ದೆ. "ಸಾರ್, ಇದು ನಮ್ಮವ್ವನ ತವರೂರ್ರೀ! ನಮ್ಮ ಮಾವ ಅಲ್ಲೇ ಅದಾನ್ರಿ." ಆ ಸಂತೋಷವನ್ನು ನಾನು ಕಚೇರಿಯವರಿಗೆ ಒಂದು ತಮಾಷೆಯಂತೆ ಹೇಳಿದೆ. ಅವರು ತಮಾಷೆ ಎಂದುಕೊಳ್ಳಲಿಲ್ಲ. ಆ ಊರಿನ ಅರ್ಧಕ್ಕರ್ಧ ಜನ ಜಮೀನು ಕೊಡಲು ಒಪ್ಪಿರಲಿಲ್ಲ, ಒಪ್ಪದವರಿಗೆ ನಿನ್ನ ಮಾವ ಚನ್ನಬಸಪ್ಪನವರೇ ಹಿರಿಯರು. ‘ಮಾದರಿ ತಗೊಂಡು ಊರಿಗೇ ಹೋಗಿ ತೋರಿಸೋಣ, ಆ ಹುಡುಗೀನೂ ಕರ್ಕೊಂಡು ಬನ್ನಿ’ ಎಂದರು. ನಾನು ಕರೆದುಕೊಂಡು ಹೋದೆ.

ಶಾಲೆಯ ಜಗಲಿಯ ಮೇಲೆ ಮಾದರಿ ಇಟ್ಟಿದ್ದೆವು. "ನಮ್ಮ ನೀಲವ್ವ ಮಾಡ್ಯಾಳಂತ" ಎಂದು ಹೆಂಗಸರೆಲ್ಲ ಮುತ್ತಿಕೊಂಡರು. ನಿನ್ನ ಮಾವ ಮಾತ್ರ ದೂರದಲ್ಲೇ ನಿಂತು ಅಧಿಕಾರಿಗಳಿಗೆ ಒಂದೇ ಮಾತು ಹೇಳಿದರು.

"ಹೊಲಾ ತಗೋರ್ರಿ. ಆದ್ರ ಮೂಲ್ಯಾಗ ನಮ್ಮಪ್ಪ, ನಮ್ಮವ್ವ, ನಮ್ಮ ಮುತ್ಯಾ ಕುಂತಾರ. ಅವರನ್ನ ಎಬ್ಬಸಬ್ಯಾಡ್ರಿ."

ಕುಂತಾರ — ಆ ಮಾತು ನನಗೆ ತಕ್ಷಣ ಅರ್ಥವಾಗಲಿಲ್ಲ. ನೀನು ಪಿಸುಮಾತಿನಲ್ಲಿ ವಿವರಿಸಿದೆ: ನಿಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೈಯಲ್ಲಿ ಲಿಂಗ ಇಟ್ಟು ಕೂಡಿಸಿ, ತಮ್ಮದೇ ಹೊಲದಲ್ಲಿ ಮಣ್ಣು ಮಾಡುತ್ತೀರಿ. ನಮ್ಮದು ಸುಡುವ ಮನೆತನ. ಬೂದಿಯನ್ನು ಹೊಳೆಗೆ ಬಿಟ್ಟು ತಲೆಯ ಮೇಲೆ ನೀರು ಸುರಿದುಕೊಂಡರೆ ಮುಗಿಯಿತು. ಅದಕ್ಕೇ ನಿನ್ನ ಮಾವನ ಮಾತಿನ ತೂಕ ತಿಳಿಯಲಿಲ್ಲ ಎಂದು ಬರೆಯಬಹುದಿತ್ತು — ಇಲ್ಲ, ತಿಳಿದಿತ್ತು.

ನೀನು ಮಾದರಿಯ ಮೇಲೆ ಬಾಗಿ ಬಾವಿ ಎಲ್ಲಿ, ಹಳ್ಳ ಎಲ್ಲಿ ಎಂದು ಲೆಕ್ಕ ಹಾಕಿ ಆ ಮೂಲೆಯನ್ನು ಹುಡುಕಿದೆ. ವಿಧಾನಸಭೆಯ ಮೆಟ್ಟಿಲಿಗೂ ಧ್ವಜಸ್ತಂಭಕ್ಕೂ ನಡುವಿನ ಹಸಿರು ಚೌಕ. ಅಲ್ಲಿ ಬೆರಳಿಟ್ಟು ನನ್ನ ಕಡೆ ತಿರುಗಿದೆ.

"ಸಾರ್, ಇಲ್ಲೇನ್ ಬರ್ತದ್ರಿ?"

"ಹುಲ್ಲಮ್ಮ. ಬರೀ ಹುಲ್ಲು."

ಇಷ್ಟೇ ನಾನು ಆಡಿದ್ದು. ನೋಡಿದರೆ ಸುಳ್ಳೂ ಅಲ್ಲ — ಮೇಲೆ ಹುಲ್ಲೇ ಇತ್ತು. ನೀನು ಮಾವನ ಕೈ ಹಿಡಿದು ಹತ್ತಿರ ಕರೆತಂದು ಹೇಳಿದೆ: "ಮಾವ, ನಮ್ಮ ಸಾರ್ ಹೇಳ್ಯಾರ, ಬರೇ ಹುಲ್ಲಂತ. ಯಾರೂ ಮುಟ್ಟೂದಿಲ್ಲ." ಕೊನೆಯ ಮಾತು ನಾನು ಹೇಳಿದ್ದಲ್ಲ. ನನ್ನ ಮೇಲಿನ ನಂಬಿಕೆಯಿಂದ ನೀನು ಸೇರಿಸಿದ್ದು. ನಾನು ತಡೆಯಲಿಲ್ಲ.

ನೀಲಾ, ಎರಡು ವಾರ ಮೊದಲು ಕಚೇರಿಯಿಂದ ಇನ್ನೊಂದು ನಕ್ಷೆ ಬಂದಿತ್ತು. ಆ ಹಸಿರು ಚೌಕವನ್ನು ಮೇಲಿನಿಂದ ಕೆಳಗೆ ಸೀಳಿದರೆ ಹೇಗೆ ಕಾಣುತ್ತದೆ ಎಂದು ಬರೆದದ್ದು. ಹುಲ್ಲಿನ ಕೆಳಗೆ ಮೊಳದಷ್ಟು ಮಣ್ಣು, ಅದರ ಕೆಳಗೆ ಕಾಂಕ್ರೀಟು, ಅದರ ಕೆಳಗೆ ಎರಡು ಅಂತಸ್ತು ಕಾರ್ ಪಾರ್ಕಿಂಗ್ — ಶಾಸಕರದ್ದು, ಮಂತ್ರಿಗಳದ್ದು. ನನ್ನ ಕಸುಬಿನಲ್ಲಿ ನೆಲದ ಮೇಲಿರುವುದನ್ನಷ್ಟೇ ತೋರಿಸುತ್ತೇವೆ. ನೆಲದಡಿ ಏನಿದೆ ಎಂದು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಪಾರ್ಕಿಂಗಿಗೆ ಇಳಿಯುವ ದಾರಿಯ ಬಾಯಿಗೆ ಕಪ್ಪು ಕಾಗದ ಅಂಟಿಸಲು ನಿನಗೇ ಹೇಳಿದ್ದೆ. ‘ಇದೇನ್ರಿ ಸಾರ್?’ ಎಂದು ನೀನು ಕೇಳಿದ್ದೆ. ‘ಏನಿಲ್ಲ, ನೆರಳು’ ಎಂದಿದ್ದೆ. ಆಗ ಯಾವ ದುರುದ್ದೇಶವೂ ಇರಲಿಲ್ಲ, ವಿವರಿಸಲು ಬೇಜಾರಾಗಿತ್ತು ಅಷ್ಟೆ. ಆದರೆ ಜಗಲಿಯ ಮೇಲೆ ಹಾಗಲ್ಲ —

ಜಗಲಿಯ ಮೇಲೆ ನನಗೆ ಎಲ್ಲ ನೆನಪಿತ್ತು. ಸತ್ತವರು ಕುಂತಿರುವುದು ಹುಲ್ಲಿನಲ್ಲಿ ಅಲ್ಲ, ಹುಲ್ಲಿನ ಕೆಳಗೆ. ನಿನ್ನ ಮಾವ ಕೇಳುತ್ತಿದ್ದುದೂ ಅದನ್ನೇ. ಯಾಕೆ ಬಾಯಿ ಬಿಡಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಅಷ್ಟು ದೊಡ್ಡ ಮಾದರಿ ನಾನು ಅದುವರೆಗೆ ಮಾಡಿರಲಿಲ್ಲ. ಮೂಲೆಯಲ್ಲಿ ನನ್ನ ಹೆಸರಿನ ಪುಟ್ಟ ಹಿತ್ತಾಳೆ ಫಲಕ ಇತ್ತು. ಅದು ಶಂಕುಸ್ಥಾಪನೆಯ ದಿನ ದೊಡ್ಡವರೆಲ್ಲರ ಎದುರು ನಿಲ್ಲಬೇಕು, ಒಂದು ಮೂಲೆಯ ಸಲುವಾಗಿ ನಕ್ಷೆ ಬದಲಾಗಿ ನನ್ನ ನಾಲ್ಕು ತಿಂಗಳ ಕೆಲಸ ಕಿತ್ತು ಹಾಕುವಂತಾಗಬಾರದು — ಇಷ್ಟೇ ನೀಲಾ. ಇಷ್ಟು ಸಣ್ಣದು.

ಅಷ್ಟಕ್ಕೂ ನಿಲ್ಲಲಿಲ್ಲ ನಾನು. ‘ಅಲ್ಲೊಂದು ಬೇವಿನ ಗಿಡ ಐತ್ರಿ, ಅದೂ ಇರ್ತದೇನ್ರಿ?’ ಎಂದು ನಿನ್ನ ಮಾವ ಕೇಳಿದಾಗ, ಡಬ್ಬಿಯಿಂದ ನೀನು ಮಾಡಿದ ಒಂದು ಮರ ತೆಗೆದು, ಬುಡಕ್ಕೆ ಅಂಟು ಸವರಿ, ಅವರ ಕಣ್ಣೆದುರೇ ಆ ಚೌಕದಲ್ಲಿ ನೆಟ್ಟೆ. ಯಾವ ನಕ್ಷೆಯಲ್ಲೂ ಆ ಮರ ಇರಲಿಲ್ಲ. ಅವರು ಚಪ್ಪಲಿ ಬಿಟ್ಟು, ರುಮಾಲು ತೆಗೆದು, ಆ ಸ್ಪಂಜಿನ ಮರಕ್ಕೆ ಕೈಮುಗಿದರು. ಆಮೇಲೆ ಸಹಿ ಹಾಕಿದರು. ಅವರ ಹಿಂದೆ ಊರಿನವರೆಲ್ಲ ಹಾಕಿದರು.

ಐದಾರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ನೀನು ರೊಟ್ಟಿಯ ಡಬ್ಬಿ ಬಿಚ್ಚಿದ್ದೆ. ಫೋನು ಬಂತು. ಅತ್ತೆ ಕಿರುಚುತ್ತಿದ್ದುದು ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು. ಜೆಸಿಬಿ ಬಂದಿತ್ತು. ಬೇವಿನ ಮರ ಬಿದ್ದಿತ್ತು. ಮಾವ ಗುಂಡಿಗೆ ಇಳಿದು ಬರಿಗೈಯಲ್ಲಿ ಮಣ್ಣು ಕೆದಕುತ್ತಿದ್ದರು, ಪೊಲೀಸರು ಎಳೆದು ಮೇಲೆ ತಂದರು. ನೀನು ಫೋನಿಟ್ಟು ನನ್ನನ್ನು ನೋಡಿದೆ. ಆಗಲಾದರೂ ಹೇಳಬಹುದಿತ್ತು.

"ನನಗೂ ಗೊತ್ತಿರಲಿಲ್ಲಮ್ಮ. ನಮಗೂ ಮೋಸ ಮಾಡಿಬಿಟ್ರು" ಎಂದೆ.

ನೀನು ಅಳುತ್ತಲೇ ನನ್ನನ್ನು ಸಮಾಧಾನ ಮಾಡಿದೆ. "ನೀವ್ಯಾಕ್ರಿ ಬ್ಯಾಸರ ಮಾಡ್ಕೊತೀರಿ ಸಾರ್? ನಿಮಗೇನ್ ಗೊತ್ತಿತ್ತು." ನಾನು ತಲೆ ತಗ್ಗಿಸಿ ಆ ಸಮಾಧಾನವನ್ನೂ ಪಡೆದುಕೊಂಡೆ. ಮಾಡಿದ ಎಲ್ಲದರಲ್ಲಿ ಇದು ಹೆಚ್ಚು ನಾಚಿಕೆಗೇಡು ಅನಿಸುತ್ತದೆ.

ಆಮೇಲೆ ಸರ್ಕಾರ ಬದಲಾಯಿತು. ಹೊಸಬರಿಗೆ ಹಳಬರ ರಾಜಧಾನಿ ಬೇಡವಾಯಿತು, ಕೆಲಸ ನಿಂತಿತು. ವಿಧಾನಸಭೆಯ ಗೋಡೆ ಏಳಲೇ ಇಲ್ಲ. ಪಾರ್ಕಿಂಗಿನ ಗುಂಡಿಯಲ್ಲಿ ನೀರು ನಿಂತು ಜೊಂಡು ಬೆಳೆದಿದೆಯಂತೆ. ಯಾವುದಕ್ಕೂ ಆಗದ ಒಂದು ಹೊಂಡಕ್ಕಾಗಿ ಎರಡು ತಲೆಮಾರಿನವರನ್ನು ಎಬ್ಬಿಸಿದ್ದಾಯಿತು. ಮೂರು ವರ್ಷದ ಹಿಂದೆ ನಿನ್ನ ಮಾವ ತೀರಿಕೊಂಡಾಗ ಅವರನ್ನು ಕೂಡಿಸಲು ಸ್ವಂತ ಹೊಲದ ಮೂಲೆ ಇರಲಿಲ್ಲ. ಸರ್ಕಾರಿ ಸ್ಮಶಾನಕ್ಕೆ ಒಯ್ದರು. ನಿನಗೆ ಯಾರೂ ತಿಳಿಸಲಿಲ್ಲ. ಹೇಗೋ ಗೊತ್ತಾಗಿ ನೀನು ಹೋದೆ. ಒಂದು ಹಿಡಿ ಮಣ್ಣು ಹಾಕಲೂ ಬಿಡಲಿಲ್ಲ. ‘ದುಡಿಯೂದು ಅವರ ಕೂಡ. ಎಲ್ಲಾ ತಿಳದಾ ಹೇಳ್ಯಾಳ’ ಎಂದರಂತೆ. ಮರುದಿನ ಹತ್ತು ಗಂಟೆಗೆ ಸರಿಯಾಗಿ ನೀನು ಕೆಲಸಕ್ಕೆ ಬಂದಿದ್ದೆ. ಮನೆಗೆ ಹೋಗಮ್ಮ ಎಂದೆ. ಯಾವ ಮನೆಗೆ ಎಂಬಂತೆ ನೋಡಿದೆ.

ಮೊನ್ನೆ ನಿನ್ನ ಮಾವನ ಮಗನ ಜೊತೆ ನೀನು ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು. ಕದ್ದು ಕೇಳಲಿಲ್ಲ, ನೀನು ಮೆಟ್ಟಿಲ ಮೇಲೆ ನಿಂತಿದ್ದೆ, ಬಾಗಿಲು ತೆರೆದಿತ್ತು. "ಹೌದು, ಹೇಳಿದಾಕಿ ನಾನ. ತಪ್ಪು ನಂದ. ನಮ್ಮ ಸಾರ್‌ದು ಏನೂ ಇಲ್ಲ" ಎನ್ನುತ್ತಿದ್ದೆ. ಆರು ವರ್ಷದಿಂದ ನೀನು ಅಲ್ಲಿ ನನ್ನ ಪರವಾಗಿ ಬೈಸಿಕೊಳ್ಳುತ್ತಿದ್ದೀಯ ಎಂದು ಅವತ್ತು ತಿಳಿಯಿತು. ಆಮೇಲೆ ಕೈಗೆ ಕೆಲಸ ಹತ್ತಲಿಲ್ಲ. ಕೂತು ಇದನ್ನು ಬರೆಯುತ್ತಿದ್ದೇನೆ.

ಈ ಭಾನುವಾರ ನಾನು ಆ ಊರಿಗೆ ಹೋಗುತ್ತೇನೆ. ನೀನು ಬರಬೇಡ. ಅದೇ ಜಗಲಿಯ ಮೇಲೆ ನಿಂತು ‘ನೀಲವ್ವನಿಗೆ ಏನೂ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು’ ಎಂದು ಹೇಳುತ್ತೇನೆ. ನನ್ನನ್ನು ಕ್ಷಮಿಸು ಎಂದು ನಿನ್ನನ್ನಾಗಲಿ ಅವರನ್ನಾಗಲಿ ಕೇಳುವುದಿಲ್ಲ. ಕೇಳಿದರೆ ಅದೂ ನಾನು ನಿಮ್ಮಿಂದ ಪಡೆಯುವ ಇನ್ನೊಂದು ಉಪಕಾರವಾಗುತ್ತದೆ.

ನಿನ್ನ ಅತ್ತೆ ನನ್ನನ್ನು ಮೊದಲು ಕೇಳುವುದು ಏನೆಂದು ನನಗೆ ಗೊತ್ತು. ಅಗೆದ ಮಣ್ಣು ಎಲ್ಲಿಗೆ ಹೋಯಿತು ಎಂದು. ಇಷ್ಟು ವರ್ಷ ಕಂಡ ಅಧಿಕಾರಿಗಳನ್ನೆಲ್ಲ ಅವರು ಕೇಳಿದ್ದಾರೆ, ಯಾರೂ ಹೇಳಿಲ್ಲ. ನನಗೆ ಗೊತ್ತು. ಅಗೆತ ಮುಗಿದ ಮೇಲೆ ಅಲ್ಲಿನ ಸೈಟ್ ಕಚೇರಿಯಲ್ಲಿದ್ದ ಮಾದರಿಯ ಗಾಜು ಸರಿಪಡಿಸಲು ಹೋಗಿದ್ದಾಗ, ಬೆಂಗಳೂರಿನವನೇ ಆದ ಸೈಟ್ ಎಂಜಿನಿಯರ್ ಕಾರಿನಲ್ಲಿ ಕರೆದೊಯ್ಯುತ್ತಾ ಹೆಮ್ಮೆಯಿಂದ ಹೇಳಿದ: "ಹೊರಗಿಂದ ಒಂದ್ ಲೋಡ್ ಮಣ್ಣೂ ತರಿಸಿಲ್ಲ ಸಾರ್. ಪಾರ್ಕಿಂಗ್ ಗುಂಡೀಲಿ ಅಗೆದಿದ್ದನ್ನೇ ಈ ರೋಡಿಗೆ ತುಂಬಿದ್ವಿ."

ನಗರ ಬರಲಿಲ್ಲ, ರಸ್ತೆ ಮಾತ್ರ ಉಳಿದಿದೆ. ಹೆದ್ದಾರಿಯಿಂದ ಊರಿಗೆ ಈಗ ಅದೊಂದೇ ದಾರಿ. ಮಾವನ ಮಣ್ಣಿಗೆಂದು ನೀನು ಹೋದ ಬಸ್ಸು ಅದರ ಮೇಲೇ ಹೋಗಿತ್ತು, ನೀಲಾ.