ಉಲ್ಲನ್ ಚೌಕಗಳ ಗುರುವಾರ

ಮಳವಳ್ಳಿಯ ಬಿಸಿಲಿನಲ್ಲಿ ಉಲ್ಲನ್ ಹೆಣೆಯುವುದು ಬುದ್ಧಿ ನೆಟ್ಟಗಿರುವವರು ಮಾಡುವ ಕೆಲಸವಲ್ಲ. ಅಂಗೈ ಬೆವರಿ ದಾರ ಕಡ್ಡಿಗೆ ಅಂಟುತ್ತದೆ. ಅದರ ನವಿರು ಕುತ್ತಿಗೆಗೆ ಹತ್ತಿ ತುರಿಸುತ್ತದೆ. ಆದರೂ ಹೆಣೆದೆ. ಯಾಕೆಂದರೆ ವಾರಕ್ಕೊಮ್ಮೆ, ಗುರುವಾರ ಮಧ್ಯಾಹ್ನ, ಉಲ್ಲನ್ ಚೀಲವನ್ನು ಹೆಗಲಿಗೆ ಹಾಕಿಕೊಂಡರೆ ನಾನು ನಮ್ಮ ಮನೆಯ ಹೊಸ್ತಿಲು ದಾಟಬಹುದಿತ್ತು. ನನ್ನ ಬೇರೆ ಯಾವ ಚೀಲಕ್ಕೂ ಆ ಯೋಗ್ಯತೆ ಇರಲಿಲ್ಲ.

ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನಡುಮನೆಯ ಮಂಚವೇ ಅವರ ಊರಾಯಿತು. ಅವರ ಕೂಗು ಎಷ್ಟು ದೂರ ಕೇಳಿಸುತ್ತದೋ ಅಷ್ಟು ದೂರ ನನ್ನ ಊರಾಯಿತು. ನನ್ನ ಗಂಡನಿಗೆ ಶಿವನಸಮುದ್ರದ ಪವರ್ ಹೌಸಿನಲ್ಲಿ ಪಾಳಿಯ ಕೆಲಸ. ಊರಿಗೆಲ್ಲ ಕರೆಂಟು ಕೊಡುವವರು. ಮನೆಯಲ್ಲಿ ಬಲ್ಬು ಹೋದರೆ ಮಾತ್ರ ಸ್ಟೂಲು ಹತ್ತುವವಳು ನಾನೇ. ತರಕಾರಿ ಗಾಡಿ ಬಾಗಿಲಿಗೇ ಬರುತ್ತದೆ, ಹಾಲಿನವನು ಬರುತ್ತಾನೆ, ಬ್ಯಾಂಕಿನ ಕೆಲಸ ಫೋನಿನಲ್ಲೇ ಮುಗಿಯುತ್ತದೆ. ಹೊರಗೆ ಹೋಗಲು ನೆಪವೆಂದು ಇದ್ದದ್ದನ್ನೆಲ್ಲ ಕಾಲ ಒಂದೊಂದಾಗಿ ಕಿತ್ತುಕೊಂಡಿತ್ತು. ನನ್ನ ತವರು ಯಲಿಯೂರು. ಮದುವೆ ಮುಂಜಿ ಅಂತ ಹೋದರೂ ಊಟದ ಎಲೆ ಮಡಚಿದ ತಕ್ಷಣ ಹೊರಟು, ಸಂಜೆಯೊಳಗೆ ವಾಪಸ್ಸು.

ಅತ್ತೆ ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಜಗಳ ಆಡಬಹುದಿತ್ತು, ಮುನಿಸಿಕೊಳ್ಳಬಹುದಿತ್ತು. ಆಕೆಗೆ ನಾನೆಂದರೆ ಇಷ್ಟ. ಮಗ ನೀರು ಕೊಟ್ಟರೆ ಕುಡಿಯುವುದಿಲ್ಲ, ನಾನೇ ಕೊಡಬೇಕು. ನಾನು ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದರೂ "ಅಮ್ಮೀ, ಎಲ್ಲಿದ್ದೀಯೇ?" ಎಂದು ಕೂಗುತ್ತಿದ್ದರು. ಏನೂ ಬೇಕಾಗಿರುತ್ತಿರಲಿಲ್ಲ. ಇದ್ದೇನೆಯೇ ಎಂದು ನೋಡಲು ಕೂಗುತ್ತಿದ್ದರು, ಅಷ್ಟೆ. "ಇಲ್ಲೇ ಇದ್ದೀನಿ ಅತ್ತೆ" ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ, ಹೇಳುವಾಗಲೆಲ್ಲ ಹಲ್ಲು ಕಚ್ಚುತ್ತಿದ್ದೆ.

ಎರಡು ಬೀದಿ ಆಚೆ ಒಬ್ಬರು ನಿವೃತ್ತ ಹೊಲಿಗೆ ಟೀಚರ್ ಇದ್ದಾರೆ. ಮಂಡ್ಯದ ಒಂದು ಆಸ್ಪತ್ರೆಯಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಮೆತ್ತನೆಯ ಹೊದಿಕೆ ಬೇಕು ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತು. ಒಬ್ಬೊಬ್ಬರೇ ಇಡೀ ಹೊದಿಕೆ ಹೆಣೆಯುತ್ತ ಕೂತರೆ ಕೂಸು ಶಾಲೆಗೆ ಸೇರುವ ಹೊತ್ತಾಗುತ್ತದೆ. ಅದಕ್ಕೆ ಬೀದಿಯ ಹೆಂಗಸರನ್ನು ಕೂಡಿಸಿ, ಎಲ್ಲರೂ ಚಿಕ್ಕ ಚಿಕ್ಕ ಚೌಕ ಹೆಣೆದು ಕೊನೆಗೆ ಸೇರಿಸಿ ಹೊಲಿಯುವುದು ಎಂದು ಗೊತ್ತುಮಾಡಿದರು. ನಮ್ಮ ಮನೆಗೂ ಬಂದು ಅತ್ತೆಯನ್ನು ಕೇಳಿದರು.

"ಪುಣ್ಯದ ಕೆಲಸ ಕಣಮ್ಮ. ವಾರಕ್ಕೊಂದ್ ದಪ ನಿಮ್ಮ ಸೊಸೇನ ಕಳಿಸಿ."

"ಕೂಸುಗಳಿಗಾ? ಓಗ್ಲಿ ಬುಡಿ," ಅಂದರು ಅತ್ತೆ. "ಅಷ್ಟೊತ್ತಿಗೆಲ್ಲ ನಾನೇನ್ ಸಾಯಾಕಿಲ್ಲ."

ಹೀಗೆ ನನಗೆ ಗುರುವಾರ ಸಿಕ್ಕಿತು. ಅತ್ತೆಯ ಪಕ್ಕದಲ್ಲಿ ನೀರು, ಫೋನು, ವೀಳ್ಯದೆಲೆ ತಟ್ಟೆ ಇಟ್ಟು, ಹೊರಗಿನಿಂದ ಚಿಲಕ ಹಾಕಿಕೊಂಡು ಹೊರಡುತ್ತಿದ್ದೆ. ಚಿಲಕ ಹಾಕುವಾಗ ಒಂದು ಕ್ಷಣ ಸಂಕಟವಾಗುತ್ತಿತ್ತು. ಬೀದಿ ತಿರುಗುವುದರೊಳಗೆ ಸಂಕಟ ಮಾಯವಾಗುತ್ತಿತ್ತು.

ಟೀಚರ್ ಮನೆ ಮಹಡಿಯ ಮೇಲೆ. ಕಡಿದಾದ ಮೆಟ್ಟಿಲು, ಮೇಲೆ ಒಂದು ಕೋಣೆ, ಮದ್ದೂರು ರಸ್ತೆ ಕಾಣುವ ಕಿಟಕಿ. ನಾನು ಆ ಕಿಟಕಿಯ ಪಕ್ಕದ ಜಾಗ ಹಿಡಿದರೆ ಬಿಡುತ್ತಿರಲಿಲ್ಲ. ಬಸ್ಸುಗಳು ಹೋಗುವುದನ್ನು ನೋಡುತ್ತ ಹೆಣೆಯುತ್ತಿದ್ದೆ. ಯಾರೋ ಮಾಡಿಕೊಟ್ಟ ಟೀ, ಯಾರೂ ಕರೆಯದ ಒಂದು ಮಧ್ಯಾಹ್ನ. ಸ್ವರ್ಗದಲ್ಲಿ ಇದಕ್ಕಿಂತ ಹೆಚ್ಚಿಗೆ ಏನು ಕೊಡುತ್ತಾರೋ ನನಗೆ ಗೊತ್ತಿಲ್ಲ.

ನನ್ನ ಪಕ್ಕ ಕೂರುತ್ತಿದ್ದವಳು ಬಸ್ ಸ್ಟ್ಯಾಂಡಿನ ಹತ್ತಿರ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿರುವ ಸಾಬರ ಹೆಂಡತಿ. ದೊಡ್ಡ ಕೈ, ದೊಡ್ಡ ನಗು. ಅವಳು ಕ್ರೋಶಾ ಕಡ್ಡಿ ಹಿಡಿದು ಕೂತರೆ ಚೌಕ ತಾನಾಗಿ ಬೆಳೆಯುತ್ತಿತ್ತು. ನನ್ನದು ಬೆಳೆಯುತ್ತಲೇ ಇರಲಿಲ್ಲ. ಪ್ರತಿ ಕುಣಿಕೆಯನ್ನೂ ಎಳೆದು ಬಿಗಿಯುತ್ತಿದ್ದೆ. ಅವಳು ಅದನ್ನು ಕಿತ್ತುಕೊಂಡು ನೋಡಿ, "ಇದ್ಯಾಕಿಂಗ್ ಬಿಗೀತೀಯಮ್ಮಿ? ಉಲ್ಲನ್ನು ನಿಂಗೇನ್ ಮಾಡ್ತು ಪಾಪ?" ಅಂದಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬೇಸಿಗೆ ಕಳೆಯುವ ಹೊತ್ತಿಗೆ ಚೌಕಗಳ ರಾಶಿಯಾಯಿತು. ಸೇರಿಸುವ ದಿನ ಟೀಚರ್ ಚಾಪೆ ಹಾಸಿ ಒಂದೊಂದೇ ಜೋಡಿಸತೊಡಗಿದರು. ಒಂದು ಸಾಲು ಕೂತಿತು, ಎರಡನೆಯದು ಕೂರಲಿಲ್ಲ. ಒಂದು ಚೌಕ ಪಕ್ಕದ್ದಕ್ಕಿಂತ ಎರಡು ಬೆರಳು ದೊಡ್ಡದು, ಅದರ ಪಕ್ಕದ್ದು ಮೂರು ಬೆರಳು ಚಿಕ್ಕದು. ತಿರುಗಿಸಿ ಇಟ್ಟರೂ ಇಲ್ಲ, ಎಳೆದು ಇಟ್ಟರೂ ಇಲ್ಲ.

"ಅಳತೆ ಏಳಿದ್ನಲ್ರೇ ನಾನು!" ಎಂದು ಟೀಚರ್ ಕಿರುಚಿದರು. "ಎಂಟಿಂಚು ಅಂತ!"

"ಎಂಟಿಂಚು ಅಂದ್ರೆ ಏಸು ಅಂತ ಕೇಳುದ್ವಿ," ಅಂದಳು ಸಾಬರ ಹೆಂಡತಿ. "ಒಂದು ಗೇಣು ಅನ್ಕಳಿ ಅಂದ್ರಿ."

ಅಂದಿದ್ದರು. ಎಲ್ಲರ ಕಿವಿಯಲ್ಲೂ ಅದು ಇತ್ತು. ಪ್ರತಿಯೊಬ್ಬಳೂ ಮನೆಗೆ ಹೋಗಿ ತನ್ನ ತನ್ನ ಕೈ ಅಗಲಿಸಿ ಹೆಬ್ಬೆರಳಿಂದ ಕಿರುಬೆರಳಿಗೆ ಅಳೆದಿದ್ದಳು. ಹೂವಾಡಗಿತ್ತಿಯ ಮೊಳ ಗಿಡ್ಡ ಎಂದು ಬೀದಿಯಲ್ಲಿ ನಿಂತು ಜಗಳ ಕಾಯುವ ನಾವು, ನಮ್ಮ ಗೇಣು ಒಂದೇ ಅಲ್ಲ ಎಂದು ಯೋಚಿಸಿಯೇ ಇರಲಿಲ್ಲ. ಸಾಬರ ಹೆಂಡತಿ ತನ್ನ ಅಗಲವಾದ ಕೈಯನ್ನು ಟೀಚರ್ ಕೈಯ ಪಕ್ಕ ಇಟ್ಟಳು. ಟೀಚರ್ ಕೈ ಮಗುವಿನ ಕೈಯಂತೆ ಕಂಡಿತು. ಅವರು ತಲೆ ಮೇಲೆ ಕೈ ಹೊತ್ತು ಚಾಪೆಯ ಮೇಲೇ ಕೂತರು.

ಎಲ್ಲವನ್ನೂ ಬಿಚ್ಚಬೇಕು, ಮೊದಲಿನಿಂದ ಹೆಣೆಯಬೇಕು ಎಂದು ತೀರ್ಮಾನವಾಯಿತು. ಉಳಿದವರೆಲ್ಲ ಮುಖ ಇಳಿಬಿಟ್ಟರು. ನನಗೆ ಮಾತ್ರ ಒಳಗೊಳಗೇ ಕುಣಿಯುವಷ್ಟು ಖುಷಿ. ಹೊದಿಕೆ ಮುಗಿದರೆ ಗುರುವಾರವೂ ಮುಗಿಯುತ್ತದೆ ಎಂಬ ಭಯ ವಾರಗಟ್ಟಲೆಯಿಂದ ನನ್ನನ್ನು ಕೊರೆಯುತ್ತಿತ್ತು. ಈಗ ಇನ್ನೊಂದು ಬೇಸಿಗೆಯವರೆಗೆ ಚಿಂತೆಯಿಲ್ಲ. "ನಾನೇ ಬಿಚ್ಚಿಕೊಂಡು ಬರ್ತೀನಿ ಕೊಡಿ" ಎಂದು ರಾಶಿಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದೆ.

ಆ ಖುಷಿಯನ್ನು ನಾನು ಅಡಗಿಸಿಡಬೇಕಿತ್ತು. ಆಗಲಿಲ್ಲ, ಅತ್ತೆಯ ಮುಂದೆ ಗೇಣಿನ ಕಥೆಯನ್ನೆಲ್ಲ ಬಿಚ್ಚಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ಸುಕ್ಕುಗಟ್ಟಿದ ಕೈಯನ್ನು ಹಾಸಿಗೆಯ ಮೇಲೆ ಅಗಲಿಸಿ, "ಇದ್ರಲ್ಲಿ ಅಳೆದಿದ್ರೆ ಏಟ್ ಬತ್ತಿತ್ತು?" ಎಂದು ಕೇಳಿದರು. ಆಮೇಲೆ ನಾನು ಚೌಕ ಬಿಚ್ಚುತ್ತ ಕೂತದ್ದನ್ನು ನೋಡಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿದರು.

ಬಿಚ್ಚಿದ ಉಲ್ಲನ್ ಗುಂಗುರಾಗಿರುತ್ತದೆ. ಅದನ್ನು ಒಬ್ಬರ ಎರಡು ಕೈಗಳಿಗೆ ಸುತ್ತಿ ಲಡಿ ಮಾಡಿ, ಬಿಸಿನೀರಿನಲ್ಲಿ ಅದ್ದಿ ಒಣಗಿಸಬೇಕು. ಒಣಗಿದ ಮೇಲೆ ಮತ್ತೆ ಕೈಗೆ ಹಾಕಿ ಉಂಡೆ ಸುತ್ತಬೇಕು. ಅತ್ತೆಯ ಸೊಂಟ ಹೋಗಿತ್ತೇ ಹೊರತು ಕೈ ಗಟ್ಟಿಯಾಗಿತ್ತು. ದಿಂಬಿಗೆ ಒರಗಿ ಕೂತು, ಕೈ ಅಲುಗಿಸದೆ, ಎಳೆ ಬಂದ ಕಡೆಗೆ ಮಾತ್ರ ಮಣಿಕಟ್ಟು ಬಾಗಿಸುತ್ತಿದ್ದರು. ಅವರ ಮುಖದಲ್ಲಿ ಅಂಥ ಗೆಲುವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಆ ಸಂಜೆ ಅವರು ಒಮ್ಮೆಯೂ ನನ್ನನ್ನು ಕೂಗಲಿಲ್ಲ. ಎದುರಿಗೇ ಇದ್ದೆನಲ್ಲ.

ಮುಂದಿನ ಗುರುವಾರ ಮಧ್ಯಾಹ್ನ ತಲೆ ಬಾಚಿಕೊಂಡು ಚಪ್ಪಲಿ ಮೆಟ್ಟುತ್ತಿದ್ದೆ. ಬಾಗಿಲಲ್ಲಿ ನಗು ಕೇಳಿಸಿತು. ಟೀಚರ್, ಸಾಬರ ಹೆಂಡತಿ, ಅವರ ಹಿಂದೆ ಉಳಿದವರೆಲ್ಲ ಚೀಲ ಹಿಡಿದು ನಿಂತಿದ್ದರು.

"ನಿಮ್ಮತ್ತೆ ಫೋನ್ ಮಾಡಿದ್ರು ಕಣಮ್ಮ," ಅಂದರು ಟೀಚರ್. "ಆ ಮೆಟ್ಲು ಹತ್ತೋದು ಎಲ್ರಿಗೂ ಕಷ್ಟ, ಇಲ್ಲಿಗೇ ಬನ್ನಿ ಅಂದ್ರು. ನಿಂಗೂ ಓಡಾಟ ತಪ್ತು."

ಮಂಚದಿಂದ ಅತ್ತೆ ಕೂಗಿದರು: "ಬನ್ನಿ ಬನ್ನಿ, ಒಳೀಕ್ ಬನ್ನಿ! ನಮ್ ಉಡ್ಗಿ ನನ್ನ ಬುಟ್ಟೋಗಾಕೆ ಪಾಪ ಒದ್ದಾಡ್ತಿತ್ತು."

ನಾನು ಚಪ್ಪಲಿ ಬಿಚ್ಚಿದೆ. ಒಳಗೆ ಹೋಗಿ ಒಲೆಯ ಮೇಲೆ ಟೀಗೆ ನೀರಿಟ್ಟೆ. ಯಾರ ಮೇಲೆ ಸಿಟ್ಟು ಮಾಡಲಿ? ಎಲ್ಲರೂ ನನಗೆ ಉಪಕಾರ ಮಾಡಲೆಂದೇ ಬಂದವರು. ಅಡುಗೆಮನೆಯಲ್ಲಿ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತು, ಮುಖ ತೊಳೆದು, ಟ್ರೇ ಹಿಡಿದುಕೊಂಡು ಹೊರಗೆ ಬಂದೆ.

ಅಲ್ಲಿಂದ ಮುಂದೆ ಗುರುವಾರ ನಮ್ಮ ಮನೆಯಲ್ಲೇ. ಟೀಚರ್ ಸ್ವೀಟ್ ಬಾಕ್ಸಿನ ರಟ್ಟನ್ನು ಎಂಟಿಂಚಿಗೆ ಕತ್ತರಿಸಿ ಎಲ್ಲರಿಗೂ ಒಂದೊಂದು ಕೊಟ್ಟರು. ಕೆಲಸ ಈ ಸಲ ಅಚ್ಚುಕಟ್ಟಾಗಿ ಸಾಗಿತು. ಅತ್ತೆ ನಡುವೆ ಕೂತು ಲಡಿ ಹಿಡಿಯುತ್ತ, ಹಳೇ ಕಾಲದ ಮದುವೆಗಳ ಕಥೆ ಹೇಳಿ ನಗಿಸುತ್ತಿದ್ದರು. ಗುರುವಾರ ಬಂದರೆ ಬಿಳಿ ಸೀರೆ ಬೇಡ, ಹಸುರಿನದು ಉಡಿಸು ಅನ್ನುತ್ತಿದ್ದರು. ನಾನು ಟೀ ಕೊಡುತ್ತ, ಲೋಟ ತೊಳೆಯುತ್ತ, ನಡುವೆ ಕೂತು ನಾಲ್ಕು ಸಾಲು ಹೆಣೆಯುತ್ತ ಇದ್ದೆ. ನಮ್ಮ ನಡುಮನೆಯ ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಕಾಣುತ್ತದೆ.

ಒಂದು ಗುರುವಾರ ಇದ್ದಕ್ಕಿದ್ದಂತೆ ಹೊಳೆಯಿತು: ಮನೆ ತುಂಬ ಜನ ಇದ್ದಾರೆ, ಅತ್ತೆ ಒಂಟಿಯಾಗಿಲ್ಲ, ನಾನು ಯಾಕೆ ಇಲ್ಲಿರಬೇಕು? "ಹಾಲು ತರ್ತೀನಿ" ಎಂದು ಹೇಳಿ ಹೊರಟೇಬಿಟ್ಟೆ. ಫ್ರಿಜ್ಜಿನಲ್ಲಿ ಹಾಲಿತ್ತು.

ಬೀದಿಗೆ ಇಳಿದ ಮೇಲೆ ಎಲ್ಲಿಗೆ ಹೋಗುವುದೆಂದು ತೋಚಲಿಲ್ಲ. ಕಾಲು ತಾನಾಗಿ ಟೀಚರ್ ಮನೆಗೆ ಹೋಯಿತು. ಮೇಲೆ ಬೀಗ. ಬೀಗ ತೆಗೆಯಬೇಕಾದವರು ನಮ್ಮ ನಡುಮನೆಯಲ್ಲಿ ಕೂತು ಟೀ ಕುಡಿಯುತ್ತಿದ್ದಾರೆ. ಅರ್ಧ ಮೆಟ್ಟಿಲು ಹತ್ತಿ ಅಲ್ಲೇ ಕೂತೆ. ಗಾಳಿ ಬೀಸುತ್ತಿತ್ತು. ರಸ್ತೆಯಲ್ಲಿ ಒಂದು ಕಬ್ಬಿನ ಲಾರಿ ಹೋಯಿತು. ಮಡಿಲಲ್ಲಿ ಕೈ ಇಟ್ಟುಕೊಂಡು, ಏನೂ ಮಾಡದೆ, ಯಾರಿಗೂ ಉತ್ತರ ಕೊಡದೆ ಕೂತಿದ್ದೆ. ಪ್ರತಿ ಗುರುವಾರ ಇಲ್ಲಿಗೇ ಬರುತ್ತೇನೆ, ಮೇಲಿನ ಕೋಣೆ ಇಲ್ಲದಿದ್ದರೆ ಈ ಮೆಟ್ಟಿಲು ಸಾಕು ಎಂದುಕೊಂಡೆ.

ಫೋನು ಬಡಿದುಕೊಂಡಿತು. ಸಾಬರ ಹೆಂಡತಿ.

"ಎಲ್ಲಿದ್ದೀಯಮ್ಮಿ? ನಿಮ್ಮತ್ತೆ ಲಡಿ ಕೈಯಿಗಾಕಂಡು ಕುಂತವ್ರೆ. ನಾನು ಸುತ್ತೀನಿ ಅಂದ್ರೆ ಬ್ಯಾಡ, ಅವಳೇ ಬರ್ಲಿ ಅಂತಾವ್ರೆ. ಕೈ ಇಳಿಸಿ ಅಂದ್ರೆ ಇಳಿಸಕಿಲ್ಲ."

ನೋಯಲಿ ಕೈ, ಎಂದುಕೊಂಡೆ. ಇನ್ನೂ ಸ್ವಲ್ಪ ಹೊತ್ತು ಕೂತೆ. ಆಮೇಲೆ ಎದ್ದೆ.

ನಡುಮನೆಯಲ್ಲಿ ಅತ್ತೆ ನಿಜಕ್ಕೂ ಹಾಗೇ ಕೂತಿದ್ದರು, ಎರಡೂ ಕೈ ಗಾಳಿಯಲ್ಲಿ, ಅದರ ಸುತ್ತ ಹಳದಿ ಉಲ್ಲನ್. ನನ್ನ ಖಾಲಿ ಕೈಗಳನ್ನು ನೋಡಿದರು.

"ಎಲ್ಗೋಗಿದ್ದಮ್ಮಿ?"

ಸುಳ್ಳು ಹೇಳಲು ಸುಸ್ತಾಗಿತ್ತು. "ಎಲ್ಲೂ ಇಲ್ಲ ಅತ್ತೆ. ಟೀಚರ್ ಮನೆ ಮೆಟ್ಲು ಮೇಲೆ ಸುಮ್ನೆ ಕೂತಿದ್ದೆ."

ಎಲ್ಲರ ಕಡ್ಡಿಗಳೂ ನಿಂತವು. ಬೈಗುಳಕ್ಕೆ ಕಾದೆ. ಬೈದರೆ ನನ್ನೊಳಗೆ ಇದ್ದದ್ದನ್ನೆಲ್ಲ ಅಂದೇ ಆಡಿ ಮುಗಿಸುತ್ತಿದ್ದೆ. ಅತ್ತೆ ಬೈಯಲಿಲ್ಲ.

"ಗಾಳಿ ಇತ್ತಾ ಅಲ್ಲಿ?"

"ಇತ್ತು."

"ರೋಡಲ್ಲಿ ಜನ ಓಡಾಡ್ತಿದ್ರಾ?"

"ಹೂಂ."

"ನನ್ನೂ ಕರ್ಕೊಂಡೋಗಿದ್ರೆ ಬತ್ತಿದ್ದೆ ಕಣಮ್ಮಿ," ಅಂದರು.

ಅದರಲ್ಲಿ ಕೊಂಕಿರಲಿಲ್ಲ. ಬಿದ್ದಂದಿನಿಂದ ಆಕೆ ಬೀದಿಯನ್ನು ನೋಡಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಗಾಲಿ ಕುರ್ಚಿ ತಂದಿಟ್ಟಿದ್ದೆವು, ಅದು ಹಾಸಿಗೆಯಿಂದ ಬಚ್ಚಲಿಗೆ ಮಾತ್ರ ಓಡಾಡುತ್ತಿತ್ತು. ಪಾಪ ಅನ್ನಿಸಿತು. ಅದರ ಜೊತೆಗೇ ಸಿಟ್ಟೂ ಬಂತು. ಯಾರಿಂದ ತಪ್ಪಿಸಿಕೊಂಡು ಒಂದು ಗಳಿಗೆ ಇರಬೇಕೆಂದು ನಾನು ಆ ಮೆಟ್ಟಿಲಿಗೆ ಹೋಗಿದ್ದೆನೋ, ಆಕೆಯೇ ಕೈ ಚಾಚಿ ಕೂತು ಜೊತೆಗೆ ಬರುತ್ತೇನೆ ಅನ್ನುತ್ತಿದ್ದಾರೆ. ಬೇಡ ಅನ್ನಲು ಬಾಯಿ ತೆರೆದೆ.

"ಮುಂದಿನ ಗುರುವಾರ ಕರ್ಕೊಂಡೋಗ್ತೀನಿ ಬುಡಿ ಅತ್ತೆ," ಅಂದೆ.

"ಕುರ್ಚಿ ಇಳ್ಸಾಕೆ ನಮ್ಮನೆಯವ್ರನ್ನ ಕಳಿಸ್ತೀನಿ," ಅಂದಳು ಸಾಬರ ಹೆಂಡತಿ. ನಾವೂ ಬರುತ್ತೇವೆ, ಬರುವಾಗ ಚುರುಮುರಿ ಕಟ್ಟಿಸಿಕೊಂಡು ಬರೋಣ ಎಂದು ಉಳಿದವರೆಲ್ಲ ಒಂದೇ ಸಲ ಮಾತಾಡತೊಡಗಿದರು. ಅತ್ತೆ ನಗುತ್ತ ಕೈಗಳನ್ನು ಇನ್ನಷ್ಟು ಮೇಲಕ್ಕೆತ್ತಿದರು. ನಾನು ಅವರ ಎದುರು ಕೂತು ಉಲ್ಲನ್ನಿನ ತುದಿ ಹುಡುಕಿ ಉಂಡೆ ಸುತ್ತತೊಡಗಿದೆ. ನನಗೆ ಅಂತ ಉಳಿದಿದ್ದದ್ದು ಆ ಮೆಟ್ಟಿಲೊಂದೇ. ಅದನ್ನೂ ನನ್ನ ಬಾಯಿಂದಲೇ ಕೊಟ್ಟುಬಿಟ್ಟಿದ್ದೆ.