ಇಂಜಿನ್ನಿನಲ್ಲಿ ಇಲ್ಲದ ಖೋಲಿ

"ಅಕ್ಕಾ, ನಿಮ್ಮ ಸಂಡಾಸಿಗೆ ಒಂದ್ಸಲ ಹೋಗಿ ಬರ್ಲೇನ್ರಿ? ಸಿಗ್ನಲ್ ಸಿಕ್ರ ಗಾಡಿ ಹೊಂಡ್ತದ."

ಶುಕ್ರವಾರದ ಪೂಜೆಗೆ ಕುಳಿತಿದ್ದೆ. ಹಿತ್ತಲ ಬಾಗಿಲಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಹಿಂದೆ, ಚಿತ್ತಾಪುರದ ಔಟರ್ ಸಿಗ್ನಲ್ಲಿನಲ್ಲಿ, ಸಿಮೆಂಟ್ ಹೊತ್ತ ಗೂಡ್ಸ್ ಗಾಡಿ. ಅವಳು ಅದರ ಸಹಾಯಕ ಚಾಲಕಿ. ಆರತಿ ತಟ್ಟೆ ಕೆಳಗಿಟ್ಟು ದಾರಿ ತೋರಿಸಿದೆ.

ಹೊರಬಂದಾಗ ಅವಳ ಮುಖಕ್ಕೆ ಜೀವ ಬಂದಿತ್ತು. "ಅಲ್ಲವ್ವಾ, ಇಂಜಿನ್ ಹೊಸಾದು ಕಾಣ್ತದ. ಅಷ್ಟು ದೊಡ್ಡದರಾಗ ಒಂದು ಸಂಡಾಸ್ ಇಲ್ಲೇನು?" ಎಂದೆ.

"ಎಸಿ ಅದರಿ. ನಾವು ತೂಕಡಸ್ತೀವೇನಂತ ನೋಡ್ಲಿಕ್ಕ ಕ್ಯಾಮೆರಾನೂ ಅದ. ಅದೊಂದು ಇಲ್ರಿ. ಮುಂಜಾನಿಂದ ನೀರೇ ಕುಡ್ದಿಲ್ಲ."

ಇಂಥ ಯಂತ್ರದ ನಕ್ಷೆ ಬರೆದವರು ಭಾರೀ ಓದಿದವರೇ ಇರಬೇಕು. ಡ್ರೈವರಿಗೂ ಹೊಟ್ಟೆಯಿರುತ್ತದೆ ಎಂಬ ಪಾಠದ ದಿನ ಮಾತ್ರ ರಜೆ ಹಾಕಿದ್ದರೋ ಏನೋ. ನಮ್ಮ ಮನೆ ಕಟ್ಟಿದ ಗೌಂಡಿ ನಾಲ್ಕನೇ ಇಯತ್ತೆ ಓದಿದವನು. ಅವನು ಮೊದಲು ಕೇಳಿದ್ದೇ, "ಸಂಡಾಸ್ ಯಾವ ಕಡಿಗಿ ಇಡ್ಲಿ?" ಎಂದು.

ಅಷ್ಟರಲ್ಲಿ ಇಂಜಿನ್ನಿನಲ್ಲಿದ್ದ ಹಿರಿಯ ಚಾಲಕರು ಹಾರ್ನ್ ಹೊಡೆದರು. ಶುಕ್ರವಾರ ಮನೆಗೆ ಬಂದ ಹೆಣ್ಣುಮಗಳನ್ನು ಹಾಗೇ ಕಳಿಸಲು ಮನಸ್ಸಾಗದೆ ಕುಂಕುಮ ಹಚ್ಚಿ, ಮಜ್ಜಿಗೆ ಲೋಟ ಹಿಡಿದೆ.

"ಕುಂಕುಮ ಸಾಕ್ರಿ ಅಕ್ಕಾ. ಮಜ್ಜಿಗಿ ಕುಡದ್ರ ವಾಡಿ ಜಂಕ್ಷನ್ ತನಕ ತಡಿಲಿಕ್ಕ ಆಗಂಗಿಲ್ಲ" ಎಂದು ನಕ್ಕು ಓಡಿದಳು.

ಹಳಿಯ ಪಕ್ಕ ಮನೆ ಕೊಟ್ಟನೆಂದು ದೇವರ ಮುಂದೆ ಎಷ್ಟೋ ಸಲ ಗೊಣಗಿದ್ದೇನೆ. ಈಗ ಗೊಣಗುವುದಿಲ್ಲ. ಇಂಜಿನ್ ಕಟ್ಟಿದವರು ಮರೆತ ಖೋಲಿಯನ್ನು ದೇವರು ನಮ್ಮ ಹಿತ್ತಲಲ್ಲಿ ಕಟ್ಟಿಸಿಟ್ಟಿದ್ದಾನೆ. ಹಗಲು ಹೊತ್ತು ಹಿತ್ತಲ ಬಾಗಿಲಿಗೆ ಚಿಲಕ ಹಾಕುವುದನ್ನೂ ಬಿಟ್ಟಿದ್ದೇನೆ.